ಮಂಜಲ್ಲಿ ಬೆಟ್ಟ ಬೇಡ ಅಂತಾರೆ, ಮನೇಲಿ ತುಳಿಯೋಕೆ ಯಾವ ಟ್ರೈನರ್?

ಪ್ರಶ್ನೆ: ಸಾರ್, ನಮ್ಮದು ಚಿಕ್ಕಬಳ್ಳಾಪುರ ಟೌನು. ಭಾನುವಾರ ಬಂತು ಅಂದ್ರೆ ಸೈಕಲ್ಲಲ್ಲಿ ನಂದಿ ಬೆಟ್ಟ ಹತ್ತೋದು ಅಭ್ಯಾಸ. ಆದ್ರೆ ಡಿಸೆಂಬರ್ ಜನವರೀಲಿ ಬೆಳಿಗ್ಗೆ ಮಂಜಲ್ಲಿ ಮುಂದೆ ಏನೂ ಕಾಣಲ್ಲ, ಹೈವೇಲಿ ಹೂವು ತರಕಾರಿ ಲೋಡ್ ಗಾಡಿಗಳು ಬೇರೆ, ಮನೇಲಿ ಬಿಡ್ತಾ ಇಲ್ಲ. ಸೈಕಲ್ ಸಿಕ್ಕಿಸಿ ಮನೇಲಿ ನಿಂತಲ್ಲೇ ತುಳಿಯೋ ಸ್ಟ್ಯಾಂಡ್, ಅದೇ ಟ್ರೈನರ್, ತಗೊಳ್ಳೋಣ ಅಂತಿದೀನಿ. ಮೇಲಿನ ಮಹಡಿ ಬಾಡಿಗೆ ಮನೆ, ಕೆಳಗೆ ಓನರ್ರು. ಮ್ಯಾಗ್ನೆಟಿಕ್, ಫ್ಲೂಯಿಡ್, ಡೈರೆಕ್ಟ್ ಡ್ರೈವ್, ರೋಲರ್ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಯಾವುದು ತಗೊಳ್ಲಿ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಮನೆಯವ್ರು ಹೇಳೋದು ಸರಿ ಇದೆ ಬಿಡಿ. ನಮ್ಮ ಕಡೆ ಚಳಿಗಾಲ ಅಂದ್ರೆ ಎರಡು ತಿಂಗಳ ಬೆಳಗಿನ ಮಾತು ಅಷ್ಟೇ, ಒಂಬತ್ತು ಗಂಟೆಗೆ ಬಿಸಿಲು ಬಂದೇ ಬರುತ್ತೆ, ಅದಕ್ಕೋಸ್ಕರ ಸೈಕಲ್ಲಿಗಿಂತ ದುಬಾರಿ ಡೈರೆಕ್ಟ್ ಡ್ರೈವ್ ಯಾಕೆ? ಅದು ಚೆನ್ನಾಗಿದೆ, ಹಿಂದಿನ ಚಕ್ರ ಬಿಚ್ಚಿಟ್ಟು ಚೈನ್ ನೇರ ಅದಕ್ಕೇ ಹಾಕ್ತೀರಿ, ಟೈರ್ ಸವೆಯಲ್ಲ, ಸದ್ದೂ ಕಮ್ಮಿ, ಆದ್ರೆ ಹೆಚ್ಚಿನವಕ್ಕೆ ಪ್ಲಗ್ ಬೇಕು, ಬೆಳಿಗ್ಗೆ ಐದೂವರೆಗೆ ಕರೆಂಟ್ ಹೋದ್ರೆ ಸುಮ್ನೆ ಕೂತ್ಕೋಬೇಕು.

ನಾನಾಗಿದ್ರೆ ಫ್ಲೂಯಿಡ್ ತಗೋತೀನಿ. ಇದರಲ್ಲಿ ಹಿಂದಿನ ಚಕ್ರ ಬಿಚ್ಚೋದಿಲ್ಲ, ಟೈರು ಟ್ರೈನರಿನ ಉರುಳೆಗೆ ಒತ್ತಿಕೊಂಡು ತಿರುಗುತ್ತೆ. ಡಬ್ಬಿ ಒಳಗೆ ಗಟ್ಟಿ ಎಣ್ಣೆ ಇರುತ್ತೆ, ಅದರಲ್ಲಿ ಫ್ಯಾನ್ ಥರದ್ದು ತಿರುಗುತ್ತೆ, ಜೋರಾಗಿ ತುಳಿದಷ್ಟೂ ತಾನೇ ಭಾರ ಆಗ್ತಾ ಹೋಗುತ್ತೆ. ಬೆಟ್ಟದ ಕೊನೇ ತಿರುವುಗಳ ಅಭ್ಯಾಸ ಬೇಕು ಅಂದ್ರೆ ಭಾರದ ಗೇರಿಗೆ ಹಾಕಿ, ನಿಮಿಷಕ್ಕೆ 60 ಸುತ್ತಿನ ಹಾಗೆ ತುಳೀರಿ, ತೊಡೆ ಉರಿಯುತ್ತೆ. ಮ್ಯಾಗ್ನೆಟಿಕ್, ಅಂದ್ರೆ ಎಣ್ಣೆ ಬದಲು ಅಯಸ್ಕಾಂತ ಭಾರ ಕೊಡೋದು, ಅಗ್ಗ, ಆದ್ರೆ ಸದ್ದು ಜಾಸ್ತಿ. ರೋಲರ್, ಅಂದ್ರೆ ಸೈಕಲ್ಲನ್ನ ಎಲ್ಲೂ ಬಿಗಿಯದೆ ಉರುಳೆಗಳ ಮೇಲೆ ಓಡಿಸೋದು, ಬೇಡ, ಅದರ ಮೇಲೆ ಬ್ಯಾಲೆನ್ಸ್ ಕಲಿಯೋಷ್ಟರಲ್ಲಿ ಸಂಕ್ರಾಂತಿ ಬಂದಿರುತ್ತೆ.

ಓನರ್ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ನಾನು ಮೊದಲನೇ ದಿನ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲಿನ ಒರಟು ಹಲ್ಲಿನ ಟೈರಲ್ಲೇ ಶುರು ಮಾಡಿದ್ದೆ, ಹತ್ತು ನಿಮಿಷಕ್ಕೆ ಕೆಳಗಿನ ಮನೆ ಆಂಟಿ ಮೇಲೆ ಬಂದು "ಇಷ್ಟೊತ್ತಿಗೇ ಮಿಕ್ಸಿ ಹಾಕಿದೀರಾ" ಅಂತ ಕೇಳಿದ್ರು! ಸದ್ದಿಗಿಂತ ನೆಲದಲ್ಲಿ ಇಳಿಯೋ ಅದುರಾಟವೇ ಜಾಸ್ತಿ ಕಾಟ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಟೈರ್ ನುಣ್ಣಗಿರಲಿ. ಪ್ರತಿ ಸಲ ಗಾಳಿ ಒಂದೇ ಪ್ರೆಷರಿಗೆ ತುಂಬಿ. ಟ್ರೈನರಿನ ಉರುಳೆಯನ್ನ ಟೈರಿಗೆ ಒತ್ತಿ ಟೈಟ್ ಮಾಡಿ ಕೈಯಲ್ಲಿ ಚಕ್ರ ಜಗ್ಗಿ ನೋಡಿ, ಜಾರಬಾರದು, ಜಾರಿದ್ರೆ ರಬ್ಬರ್ ಪುಡಿ ಕಪ್ಪಗೆ ನೆಲ ತುಂಬ.

ದುಡ್ಡು ಕೊಡೋ ಮುಂಚೆ ಹಿಂದಿನ ಆಕ್ಸಲ್, ಅಂದ್ರೆ ಚಕ್ರದ ಅಚ್ಚು, ನೋಡ್ಕೊಳ್ಳಿ. ಲಿವರ್ ಎತ್ತಿ ಬಿಚ್ಚೋ ಕ್ವಿಕ್ ರಿಲೀಸ್ ಆದ್ರೆ ಟ್ರೈನರ್ ಜೊತೆ ಬರೋ ಉಕ್ಕಿನ ಸ್ಕೀವರ್ (ಅಚ್ಚಿನ ಒಳಗೆ ತೂರಿಸೋ ಸರಳು) ಹಾಕಿದ್ರೆ ಆಯ್ತು, ಥ್ರೂ ಆಕ್ಸಲ್, ಅಂದ್ರೆ ಫ್ರೇಮಿನ ತೂತಲ್ಲಿ ತೂರಿಸಿ ಬಿಗಿಯೋ ದಪ್ಪ ಅಚ್ಚು, ಡಿಸ್ಕ್ ಬ್ರೇಕ್ ಗಾಡೀಲಿ ಸಾಮಾನ್ಯವಾಗಿ 12 ಎಂಎಂ ದಪ್ಪ 142 ಎಂಎಂ ಅಗಲದ್ದು, ಅದಾದ್ರೆ ಅಡಾಪ್ಟರ್ ಬೇಕೇ ಬೇಕು. ಇದು ಗೊತ್ತಿಲ್ದೆ ತಂದು ಮೂಲೇಲಿ ಇಟ್ಟವ್ರು ಇದಾರೆ.

ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿ, ಲಾಕ್‌ಡೌನಲ್ಲಿ ತಗೊಂಡು ಈಗ ಬಟ್ಟೆ ಒಣಗಾಕ್ತಿರೋರು ಎಷ್ಟೋ ಜನ. ಡಬ್ಬಿ ಕೆಳಗೆ ಬೆರಳಾಡಿಸಿ, ಎಣ್ಣೆ ಜಿಡ್ಡು ಸಿಕ್ಕಿದ್ರೆ ವಾಪಸ್ ಬನ್ನಿ.

ಉಳಿದ ದುಡ್ಡಲ್ಲಿ ಒಂದು ಟೇಬಲ್ ಫ್ಯಾನ್ ತಗೊಳ್ಳಿ. ಚಳೀಲಿ ಫ್ಯಾನಾ ಅನ್ಬೇಡಿ, ಎದುರುಗಾಳಿ ಇಲ್ದೆ ಕಾಲು ಗಂಟೇಲಿ ಬೆವರು ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತೆ, ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಜಾಗ) ಬೋಲ್ಟುಗಳಿಗೆ ತುಕ್ಕು ಹಿಡಿಯುತ್ತೆ, ಅದಕ್ಕೆ ಹ್ಯಾಂಡಲ್ ಮೇಲೆ ಹಳೇ ಟವೆಲ್ ಹಾಕಿರಿ. ಶುರು ಮಾಡೋ ಹಿಂದಿನ ದಿನ ಓನರಿಗೆ ಒಂದು ಮಾತು ಹೇಳಿಬಿಡಿ.