ಪ್ರತಿಕ್ರಿಯೆ: ಪಾಪ್-ಅಪ್ ಕ್ಯಾಂಪರ್ (ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ಕೂರಿಸುವ, ಚಾವಣಿ ಮೇಲೇಳುವ ಪ್ರವಾಸದ ಕೋಣೆ) 550 ಕೆಜಿ, ಟ್ರಕ್ಕಿನ ಪೇಲೋಡ್ (ಹೊರಬಹುದಾದ ಗರಿಷ್ಠ ಭಾರ) 800 ಕೆಜಿ. ಸಾಕೇ?

ಸಾಲದು. ಕರಪತ್ರದ 550 ಕೆಜಿ ಸಾಮಾನ್ಯವಾಗಿ ಖಾಲಿ ತೂಕ. ಫ್ರಿಜ್, ಆನಿಂಗ್ (ಬಿಸಿಲಿಗೆ ಬಿಚ್ಚುವ ಚಪ್ಪರ), ಎಸಿ, ಕೆಲವೊಮ್ಮೆ ನಾಲ್ಕು ಮೂಲೆಯ ಜ್ಯಾಕ್‌ಗಳೂ ಅದರಲ್ಲಿ ಸೇರಿರುವುದಿಲ್ಲ. ಇವಕ್ಕೆ 90 ಕೆಜಿ ಹಿಡಿಯಿರಿ. ಮೇಲೆ 75 ಲೀಟರ್ ನೀರು ಅಂದರೆ 75 ಕೆಜಿ, ತುಂಬಿದ ಗ್ಯಾಸ್ ಸಿಲಿಂಡರ್ 17, 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ 28, ಬಟ್ಟೆ-ಪಾತ್ರೆ-ದಿನಸಿ-ಟೂಲ್ಸ್ 100. ಅಲ್ಲಿಗೇ 860 ಆಯಿತು. ಡೋರ್ ಕಂಬದ ಸ್ಟಿಕ್ಕರ್‌ನಲ್ಲಿರುವ 800ರೊಳಗೆ ಚಾಲಕನೂ ಸೇರಿ ಕೂತವರೆಲ್ಲರ ತೂಕವೂ ಬರಬೇಕು. ಇಬ್ಬರೆಂದರೂ ಒಟ್ಟು 1000 ದಾಟುತ್ತದೆ. ಬ್ಯಾಟರಿಯನ್ನು ಲಿಥಿಯಂಗೆ ಬದಲಿಸಿದರೆ ಉಳಿಯುವುದು ಸುಮಾರು 15 ಕೆಜಿ, ಅಷ್ಟೇ.

ಆಗಲೇ ಕ್ಯಾಂಪರ್ ಕೈಯಲ್ಲಿದ್ದರೆ ಲೆಕ್ಕ ಬಿಟ್ಟು ವೇಬ್ರಿಡ್ಜ್‌ಗೆ ಹೋಗಿ. ಮೊದಲು ಇಂಧನದ ಟ್ಯಾಂಕ್ ತುಂಬಿಸಿದ ಬರೀ ಟ್ರಕ್, ಆಮೇಲೆ ಪ್ರವಾಸಕ್ಕೆ ಹೊರಟ ಹಾಗೇ ನೀರು, ಸಾಮಾನು, ಜನರೊಂದಿಗೆ. ಎರಡನೇ ಸಲ ಹಿಂದಿನ ಆಕ್ಸಲ್ ಅನ್ನು ಬೇರೆಯಾಗಿ ತೂಗಿಸಿ, ಏಕೆಂದರೆ ಮಿತಿ ಮೀರುವುದು ಬಹುಪಾಲು ಅಲ್ಲೇ. ಕ್ಯಾಂಪರ್‌ನ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಮುಂದಿನ ಚಕ್ರಗಳ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರಾಗುತ್ತದೆ. ತುಂಬಿದ ನೀರಿನ ಟ್ಯಾಂಕ್ ಈ ಕೇಂದ್ರವನ್ನು ಸರಿಸುತ್ತದೆ, ಹಾಗಾಗಿ ಅದು ಎಲ್ಲಿದೆ ಎಂದೂ ನೋಡಿ.

ಟೈರಿನ ಲೋಡ್ ಇಂಡೆಕ್ಸ್ (ಅದು ಹೊರಬಲ್ಲ ಭಾರವನ್ನು ಸೂಚಿಸುವ ಸಂಖ್ಯೆ) ಓದಿ: 121 ಅಂದರೆ ಸರಿಯಾದ ಗಾಳಿ ಒತ್ತಡದಲ್ಲಿ ಒಂದು ಟೈರಿಗೆ 1450 ಕೆಜಿ. ಏರ್‌ಬ್ಯಾಗ್, (ಸಸ್ಪೆನ್ಷನ್‌ಗೆ ಹಾಕುವ ಗಾಳಿಚೀಲ), ಹೆಚ್ಚುವರಿ ಸ್ಪ್ರಿಂಗ್ ಹಾಕಿಸಿದರೆ ಸರಿಹೋಗುತ್ತದೆ ಎನ್ನುವವರನ್ನು ನಂಬಬೇಡಿ. ಅವು ಹಿಂಭಾಗದ ಕುಸಿತವನ್ನು ಎತ್ತುತ್ತವೆ, ಆಕ್ಸಲ್‌ನ, ಬ್ರೇಕಿನ ಮಿತಿಯನ್ನಲ್ಲ.

ಚಾವಣಿಯ ಮೇಲೆ ಸೋಲಾರ್ ಫಲಕ ಕೂರಿಸುವುದಾದರೆ ಚಾವಣಿಯನ್ನು ಎತ್ತುವ ಯಂತ್ರದ ಮಿತಿಯನ್ನು ತಯಾರಕರ ಕೈಪಿಡಿಯಲ್ಲಿ ಬೇರೆಯಾಗಿ ನೋಡಿಕೊಳ್ಳಿ.