ಐಟಿಐ ಮಕ್ಳಿಗೆ ಸ್ಕಾಲರ್‌ಶಿಪ್ ಯಾಕೆ ಅಂತ ಕೇಳಿದ ಮೇಷ್ಟ್ರಿಗೆ

ಬಸವೇಶ್ವರನಗರದ ನಿವೃತ್ತ ಮೇಷ್ಟ್ರೊಬ್ರು ಬರೆದಿದ್ದಾರೆ. ಅವರ ಶಾಲೆಯ ಹಳೇ ವಿದ್ಯಾರ್ಥಿಗಳ ಸಂಘ ಈ ವರ್ಷದಿಂದ ಐಟಿಐ ಓದೋರಿಗೂ ಸ್ಕಾಲರ್‌ಶಿಪ್ ಕೊಡ್ತಿದೆಯಂತೆ. "ಅಲ್ಲಿ ಫೀಸೇ ಕಮ್ಮಿ, ಆ ದುಡ್ಡು ಇಂಜಿನಿಯರಿಂಗ್ ಸೇರೋ ಜಾಣರಿಗೆ ಕೊಟ್ರೆ ಸಾರ್ಥಕ ಅಲ್ವಾ? ಬಡವರ ಮಕ್ಳನ್ನ ಐಟಿಐಗೆ ತಳ್ಳಿದ ಹಾಗಾಗಲ್ವಾ?" ಅಂತ ಕೇಳಿದ್ದಾರೆ.

ಮೇಷ್ಟ್ರೇ, ತಳ್ಳೋದು ತಪ್ಪು, ಅಷ್ಟು ಒಪ್ಕೊಂಡೆ. ಉಳಿದಿದ್ದಕ್ಕೆ ನಿಮ್ಮ ಜೊತೆ ಜಗಳ ಇದೆ.

ಫೀಸ್ ಕಮ್ಮಿ ನಿಜ, ಖರ್ಚು ಕಮ್ಮಿ ಅಂತ ಯಾರು ಹೇಳಿದ್ದು? ರೂಮ್ ಬಾಡಿಗೆ, ಊಟ, ಸೇಫ್ಟಿ ಶೂ, ಇದೆಲ್ಲ ಒಂದು ಕಡೆ, ಅದೇ ಹುಡ್ಗ ಡೆಲಿವರಿ ಬೈಕ್ ಓಡ್ಸಿದ್ರೆ ಈ ತಿಂಗಳಿಂದ್ಲೇ ಮನೆಗೆ ದುಡ್ಡು ತರ್ತಾನೆ, ಅದನ್ನ ಬಿಟ್ಟು ಎರಡು ವರ್ಷ ಕೈಯಲ್ಲಿ ಅರ ಹಿಡಿದು ಕಬ್ಬಿಣ ಉಜ್ಜು ಅಂದ್ರೆ ಅವರಮ್ಮ ಯಾವ ಧೈರ್ಯದ ಮೇಲೆ ಒಪ್ಪಬೇಕು? 2023ರಲ್ಲಿ ಬಂದ, ಕೈಕಸುಬಿನೋರಿಗೆ ಅಂತ ಕೇಂದ್ರ ಸರ್ಕಾರ ಮಾಡಿರೋ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಟ್ರೈನಿಂಗ್ ದಿನಕ್ಕೆ 500 ರೂಪಾಯಿ, ಟೂಲ್‌ಕಿಟ್‌ಗೆ 15,000 ಇಟ್ಟಿದ್ದಾರೆ, ಅಂದ್ರೆ ಕಲಿಯೋ ಹೊತ್ತಿನ ಕೂಲಿ ನಷ್ಟ ಸರ್ಕಾರಕ್ಕೂ ಅರ್ಥ ಆಗಿದೆ. ಆದ್ರೆ ಅದು ಆಗ್ಲೇ ಕಸುಬಲ್ಲಿರೋರಿಗೆ, ಅದೂ 18 ಕಸುಬಿಗೆ ಮಾತ್ರ.

ಇನ್ನು ಜಾಣರು ಅಂದ್ರಲ್ಲ. ಪೀಣ್ಯದ ಒಂದು ಶೆಡ್‌ನಲ್ಲಿ ತುಮಕೂರು ಕಡೆ ಹುಡ್ಗ, ಟರ್ನರ್ ಕೆಲಸದೋನು, ಕಬ್ಬಿಣ ತಿರುಗಿಸಿ ಕಡೆಯೋ ಲೇಥ್ ಮಿಷನ್ ಓಡ್ತಿರೋವಾಗ್ಲೇ ಶಬ್ದ ಕೇಳಿ ಗಕ್ಕನೆ ನಿಲ್ಸಿ, ಟೂಲ್ ಮೊಂಡಾಗಿದೆ ಸಾರ್ ಅಂದ. ಮೈಕ್ರೋಮೀಟರ್ ಹಿಡಿದು ಅಳೆದು ನೋಡಿದ್ರೆ, ಕಡೀತಿದ್ದ ತುಂಡು ಇರಬೇಕಾದ್ದಕ್ಕಿಂತ 0.02 ಮಿಲಿಮೀಟರ್ ಜಾಸ್ತಿ ದಪ್ಪ. ಇದಕ್ಕೆ ಜಾಣತನ ಅನ್ನದೆ ಇನ್ನೇನನ್ನೋಣ?

ಇಂಜಿನಿಯರ್‌ಗಳೆಲ್ಲ ಫೋಟೋ ಇಟ್ಟು ಪೂಜೆ ಮಾಡೋ ವಿಶ್ವೇಶ್ವರಯ್ಯನವರು ಏನು ಮಾಡಿದ್ರು ಗೊತ್ತಾ? ಭದ್ರಾವತಿ ಕಾರ್ಖಾನೆ ಕೆಲಸಕ್ಕೆ ತಮಗೆ ಬರಬೇಕಿದ್ದ ಸಂಬಳವನ್ನ ಕಸುಬು ಕಲಿಸೋ ಸಂಸ್ಥೆಗೆ ಬಿಟ್ಕೊಟ್ರು. 1943ರಲ್ಲಿ ಇದೇ ಬೆಂಗಳೂರಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದು, ಈಗಿನ ಎಸ್.ಜೆ. ಪಾಲಿಟೆಕ್ನಿಕ್.

ನಾವೇನು ಮಾಡ್ತಿದ್ದೀವಿ? ಜೂನ್ ಬಂದ್ರೆ ಸಾಕು ಬೀದಿಗೊಂದು ಪ್ರತಿಭಾ ಪುರಸ್ಕಾರ, 95 ಪರ್ಸೆಂಟ್ ತಗೊಂಡೋರಿಗೆ ಶಾಲು ಹಾರ ಫಲಕ. ಅಲ್ಲಿ ಒಬ್ಬ ವೆಲ್ಡರ್‌ಗೆ ಶಾಲು ಹೊದ್ಸಿದ್ದನ್ನ ನಾನಂತೂ ನೋಡಿಲ್ಲ. ಪ್ಲಂಬರ್ ಸಿಗಲ್ಲ, ಸಿಕ್ಕೋನಿಗೆ ಕೆಲಸ ಬರಲ್ಲ ಅಂತ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಗೋಳಾಡೋರೂ ನಾವೇ, ಮದುವೆ ಮಾತು ಬಂದಾಗ ಹುಡ್ಗ ಐಟಿಐ ಅಂದ ತಕ್ಷಣ ಜಾತಕ ವಾಪಸ್ ಕೊಡೋರೂ ನಾವೇ. ಕೈಕೆಲಸ ಕೀಳು ಅಂತ ಮಕ್ಳ ತಲೇಲಿ ತುಂಬಿಟ್ಟು ಆಮೇಲೆ ಕೆಲಸಗಾರರಿಲ್ಲ ಅಂದ್ರೆ ಎಲ್ಲಿಂದ ಬರ್ಬೇಕು ಹೇಳಿ?

ನೀವು ಸಾವಿರಾರು ಮಕ್ಕಳಿಗೆ ಪಾಠ ಹೇಳಿದೋರು, ನಿಮ್ಮ ಮಾತಿಗೆ ಸಂಘದಲ್ಲಿ ತೂಕ ಇದೆ. ಮುಂದಿನ ಮೀಟಿಂಗ್‌ಗೆ ಮುಂಚೆ ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ, ಮಧ್ಯದಲ್ಲೇ ಬಿಟ್ಟೋದ ಮಕ್ಳು ಯಾಕೆ ಬಿಟ್ರು ಅಂತ ಅಲ್ಲಿನ ಮೇಷ್ಟ್ರುಗಳನ್ನ ಕೇಳ್ಕೊಂಡು ಬನ್ನಿ. ಅವರು ಏನಂದ್ರು ಅಂತ ನನಗೂ ಬರೀರಿ, ಇದೇ ಪುಟದಲ್ಲಿ ಹಾಕ್ತೀನಿ.

— ಸಂ.