ಐದು ತೀರ್ಮಾನ, ಫೆಬ್ರವರಿಗೆ ಒಂದೂ ಇಲ್ಲ

ಇವರು ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ವಯಸ್ಸು 46. ಮನೆಯಲ್ಲಿ ಹೆಂಡತಿ, ಪಿಯುಸಿ ಓದುವ ಮಗಳು. (ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.) ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಬಂದು ಡೈರಿಯಲ್ಲಿ ಬರೆದದ್ದು ಇಷ್ಟು: ವರ್ಷದೊಳಗೆ ಇಡೀ ಸತ್ಯವೇದ (ಬೈಬಲ್) ಓದುವುದು, 21 ದಿನ ಉಪವಾಸ ಪ್ರಾರ್ಥನೆ, 10 ಕೆಜಿ ಇಳಿಸುವುದು, ಬೆಳಿಗ್ಗೆ ಐದಕ್ಕೆ ಏಳುವುದು, ದಿನವೂ ಒಂದು ಗಂಟೆ ಕುಟುಂಬ ಪ್ರಾರ್ಥನೆ. ಫೆಬ್ರವರಿಯಲ್ಲಿ ನಮ್ಮಲ್ಲಿಗೆ ಆಪ್ತಸಲಹೆಗೆ ಬಂದಾಗ ಐದೂ ನಿಂತಿದ್ದವು, ಭಾನುವಾರದ ಸಭೆಯೂ ನಿಂತಿತ್ತು. "ದೇವರಿಗೆ ಮಾತು ಕೊಟ್ಟು ತಪ್ಪೀನಿ, ಯಾವ ಮುಖ ಇಟ್ಕೊಂಡು ಹೋಗ್ಲಿ ಸರ್" ಎಂದರು. ಹರಕೆ ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಲೇಸು ಎಂದು ಸತ್ಯವೇದದ ಪ್ರಸಂಗಿ ಪುಸ್ತಕದ 5ನೇ ಅಧ್ಯಾಯದಲ್ಲಿ ಬರುವ ಮಾತು ಅವರನ್ನು ಕೊರೆಯುತ್ತಿತ್ತು.

ಮೊದಲು ಕೈಗೆತ್ತಿಕೊಂಡದ್ದು ಉಪವಾಸ, ಏಕೆಂದರೆ ಅಲ್ಲಿ ಜೀವಕ್ಕೇ ಅಪಾಯವಿತ್ತು. ಸಕ್ಕರೆ ಕಾಯಿಲೆಗೆ ಅವರು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಊಟ ಬಿಟ್ಟರೂ ಮಾತ್ರೆ ಬಿಟ್ಟಿರಲಿಲ್ಲ. ಹೊಟ್ಟೆಗೆ ಏನೂ ಬೀಳದಿದ್ದರೂ ಈ ಮಾತ್ರೆ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ. ಒಂಬತ್ತನೇ ದಿನ ಅಂಗಡಿಯಲ್ಲೇ ಮೈಯೆಲ್ಲ ಬೆವೆತು, ಕೈ ನಡುಗಿ, ಪಟ್ಟಿಯ ಅಂಕಿಗಳು ಮಸುಕಾದವು. ತನ್ನ ನಂಬಿಕೆ ಸಾಲದೆಂದು ಅವರು ನೊಂದುಕೊಂಡರು. ಅವೆಲ್ಲ ರಕ್ತದ ಸಕ್ಕರೆ ಇಳಿದ ಲಕ್ಷಣಗಳು. ಅದು 70 ಎಂಜಿ/ಡಿಎಲ್‌ಗಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ವೈದ್ಯರನ್ನು ಕೇಳದೆ ಉಪವಾಸ ಬೇಡ, ತಾವಾಗಿ ಮಾತ್ರೆ ನಿಲ್ಲಿಸುವುದೂ ಬೇಡ ಎಂದು ಹೇಳಿದೆವು. ಬದಲಿಗೆ ಲೆಂಟ್‌ನ (ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ) 40 ದಿನ ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ಬಿಟ್ಟು, ಆ ದುಡ್ಡನ್ನು ಕಾಣಿಕೆಗೆ ಎತ್ತಿಡುವುದು. ಇದೂ ತ್ಯಾಗವೇ.

ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ. ದಿನಕ್ಕೆ ಮೂರರಂತೆ ಓದಿದರೆ ಆದಿಕಾಂಡ, ವಿಮೋಚನಕಾಂಡ ಜನವರಿ 30ಕ್ಕೆ ಮುಗಿದು ಯಾಜಕಕಾಂಡದ ಬಲಿವಿಧಿಗಳು ಶುರುವಾಗುತ್ತವೆ. ನಾವು ಕಂಡ ಹಲವರು ಅಲ್ಲೇ ನಿಂತಿದ್ದಾರೆ. ನಾಲ್ಕು ದಿನ ತಪ್ಪಿದರೆ 12 ಅಧ್ಯಾಯ ಬಾಕಿ, ಬಾಕಿ ಬೆಳೆದಷ್ಟೂ ಪುಸ್ತಕ ತೆರೆಯಲು ಅಂಜಿಕೆ. ಅದಕ್ಕೇ ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳನ್ನಷ್ಟೇ ಓದಲು ಹೇಳಿದೆವು, ಒಟ್ಟು 89 ಅಧ್ಯಾಯ. ದಿನಕ್ಕೊಂದರಂತೆ ಮೂರು ತಿಂಗಳು. ತಪ್ಪಿದ ದಿನದ್ದನ್ನು ಸೇರಿಸಿ ಓದಕೂಡದು, ನಿಂತಲ್ಲಿಂದ ಒಂದೇ ಅಧ್ಯಾಯ. ಹರಕೆಯ ವಿಷಯವನ್ನು ಸಭಾಪಾಲಕರ ಎದುರು ಕೂತು ಮಾತಾಡಲು ಕಳಿಸಿದೆವು, ಆ ಭಾರ ನಮ್ಮ ಕೋಣೆಯಲ್ಲಿ ಇಳಿಯುವಂಥದಲ್ಲ.

ತೂಕ 82 ಕೆಜಿ. ಸದ್ಯಕ್ಕೆ ನಾಲ್ಕು ಕೆಜಿ ಸಾಕು. ಮಧ್ಯಾಹ್ನದ ಊಟವಾದ ಮೇಲೆ ಯಾರ್ಡಿನೊಳಗೆ 15 ನಿಮಿಷ, ರಾತ್ರಿ ಊಟದ ನಂತರ ಹೆಂಡತಿಯ ಜೊತೆ 15 ನಿಮಿಷ ನಡಿಗೆ. ವಾರಕ್ಕೆ ಐದು ದಿನವಾದರೆ, ವಾರಕ್ಕೆ ಬೇಕೆನ್ನುವ 150 ನಿಮಿಷ ತುಂಬುತ್ತದೆ. ಐದಕ್ಕೆ ಏಳುವುದನ್ನು ಕೈಬಿಡಿಸಿದೆವು. ರಾತ್ರಿ ಹನ್ನೊಂದೂವರೆಗೆ ಮಲಗುವವರಿಗೆ ಅದು ನಿದ್ದೆ ಕದಿಯುವ ತೀರ್ಮಾನ.

ಕುಟುಂಬ ಪ್ರಾರ್ಥನೆಗೆ ಮಗಳು ಬರುವುದಿಲ್ಲ ಎಂಬುದು ಅವರ ದೊಡ್ಡ ದುಃಖ. ಹೆಂಡತಿಯನ್ನು ಕರೆಸಿದಾಗ ಕಾರಣ ಗೊತ್ತಾಯಿತು. "ಕಣ್ಣು ಮುಚ್ಕೊಂಡು 'ಕರ್ತನೇ, ಈ ಹುಡುಗಿಗೆ ಬುದ್ಧಿ ಕೊಡು, ಮೊಬೈಲ್ ಬಿಡಿಸು' ಅಂತಾರ್ರೀ. ಅದು ಪ್ರಾರ್ಥನೆನಾ, ಬೈಗುಳನಾ?" ಮಗುವಿನ ತಪ್ಪನ್ನು ದೇವರಿಗೆ ಹೇಳುವ ನೆಪದಲ್ಲಿ ಮಗುವಿಗೇ ಚುಚ್ಚಿದರೆ ಆ ಮಗು ತಂದೆಯಿಂದಲೂ ದೂರ, ಪ್ರಾರ್ಥನೆಯಿಂದಲೂ ದೂರ. ಒಂದು ಗಂಟೆಯನ್ನು ಹತ್ತು ನಿಮಿಷ ಮಾಡಿದೆವು. ಹಾಡು, ವಾಕ್ಯ ಆರಿಸುವುದು ಮಗಳು. ತಂದೆ ಅವಳ ಹೆಸರೆತ್ತಿದರೆ ಆ ದಿನ ಅವಳಲ್ಲಿ ಕಂಡ ಒಂದು ಒಳ್ಳೆಯದಕ್ಕೆ ಕೃತಜ್ಞತೆ ಮಾತ್ರ. ದೂರುಗಳಿದ್ದರೆ ಬೇರೆ ಹೊತ್ತಿನಲ್ಲಿ, ನೇರವಾಗಿ.

ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವುದರಿಂದ ಮೇ ತಿಂಗಳವರೆಗೆ ಕಾದೆವು. ಶೇ. 8.4 ಇದ್ದದ್ದು 7.6ಕ್ಕೆ ಇಳಿದಿತ್ತು. ತೂಕ ಇಳಿದದ್ದು ಎರಡೇ ಕೆಜಿ. ಯೋಹಾನನ ಸುವಾರ್ತೆ ಅರ್ಧದಲ್ಲಿದೆ. ಮಗಳು ವಾರಕ್ಕೆ ನಾಲ್ಕು ದಿನ ಬಂದು ಕೂರುತ್ತಾಳೆ. ಮುಂದಿನ ಭೇಟಿ ಸೆಪ್ಟೆಂಬರ್‌ನಲ್ಲಿ: ಮೆಕ್ಕೆಜೋಳದ ಲೋಡು ಶುರುವಾದರೆ ರಾತ್ರಿಯ ನಡಿಗೆ ತಪ್ಪುತ್ತದೆ, ಅದಕ್ಕೆ ಬೇರೆ ಹೊತ್ತನ್ನು ಆಗಲೇ ಗೊತ್ತುಮಾಡಬೇಕು.